ಕರುಳಿಗೂ ಶುಗರ್‌ಗೂ ಏನು ನಂಟು? ಮೊದಲ ಹಾರ್ಮೋನ್ ಕಂಡುಹಿಡಿದ ಸ್ಟಾರ್ಲಿಂಗ್ ಬದುಕಿನ ಕಥೆ

ಮುಂಬೈ: ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಸಣ್ಣ ಕರುಳಿನ ಒಳಪದರಕ್ಕೆ ಚಿಕಿತ್ಸೆ ಕೊಟ್ಟರೆ ಶುಗರ್ ಹತೋಟಿಗೆ ಬರುತ್ತದಾ? ಹೊಟ್ಟೆ ಕೊಯ್ಯದೆ ಬೊಜ್ಜು ಇಳಿಸಬಹುದಾ? ವೈದ್ಯಲೋಕದಲ್ಲಿ ಈಗ ಜೋರಾಗಿ ನಡೆಯುತ್ತಿರುವ ಚರ್ಚೆ ಇದು. ಆದರೆ ಕರುಳು ಬರೀ ಊಟ ಅರಗಿಸುವ ಕೊಳವೆಯಲ್ಲ, ರಕ್ತದ ಮೂಲಕ ಬೇರೆ ಅಂಗಗಳಿಗೆ ಸಂದೇಶ ಕಳಿಸುವ ಅಂಗ ಎಂಬುದು ಗೊತ್ತಾಗಿದ್ದು 1902ರಲ್ಲಿ. ಅದನ್ನು ತೋರಿಸಿಕೊಟ್ಟ ಇಬ್ಬರಲ್ಲಿ ಒಬ್ಬರಾದ ಅರ್ನೆಸ್ಟ್ ಸ್ಟಾರ್ಲಿಂಗ್ ಅವರಿಗೆ ಬೊಂಬಾಯಿಯ ನಂಟೂ ಇತ್ತು.

ಅಪ್ಪ ಬೊಂಬಾಯಿಯಲ್ಲಿ, ಮಕ್ಕಳು ಲಂಡನ್‌ನಲ್ಲಿ

ಸಾಂತಾಕ್ರೂಜ್‌ನಲ್ಲಿ ಲೋಕಲ್ ಹತ್ತಿ ಚರ್ಚ್‌ಗೇಟ್‌ನಲ್ಲಿ ಇಳಿದರೆ ಹೈಕೋರ್ಟಿಗೆ ನಡೆದೇ ಹೋಗಬಹುದು. 19ನೇ ಶತಮಾನದಲ್ಲಿ ಬೊಂಬಾಯಿಯಲ್ಲಿ 'ಕ್ಲರ್ಕ್ ಆಫ್ ದಿ ಕ್ರೌನ್' ಹುದ್ದೆಯಲ್ಲಿದ್ದವರು ಮ್ಯಾಥ್ಯೂ ಹೆನ್ರಿ ಸ್ಟಾರ್ಲಿಂಗ್ ಎಂಬ ಬ್ಯಾರಿಸ್ಟರ್. ಅವರ ಹಿರಿಯ ಮಗ ಅರ್ನೆಸ್ಟ್ ಹುಟ್ಟಿದ್ದು 1866ರ ಏಪ್ರಿಲ್ 17ರಂದು, ಲಂಡನ್‌ನಲ್ಲಿ. ಅಪ್ಪ ರಜೆ ಸಿಕ್ಕಾಗಷ್ಟೇ ಊರಿಗೆ ಬರುತ್ತಿದ್ದರು. ಮಕ್ಕಳನ್ನು ಬೆಳೆಸಿದ್ದು ತಾಯಿ ಎಲೆನ್.

ಅಪ್ಪ ಬೊಂಬಾಯಿಯಲ್ಲಿ, ಮನೆಮಂದಿ ಊರಲ್ಲಿ ಎಂಬ ಬದುಕು ತುಳುನಾಡಿನ ಮನೆಗಳಿಗೆ ಹೊಸದೇನಲ್ಲ. ಸಾಂತಾಕ್ರೂಜ್‌ನ ಬಿಲ್ಲವ ಭವನಕ್ಕೆ ಬರುವ ಹಿರಿಯರನ್ನು ಕೇಳಿದರೆ ಇಂಥ ಎಷ್ಟೋ ಬಾಲ್ಯದ ಕಥೆಗಳು ಸಿಗುತ್ತವೆ. ಸ್ಟಾರ್ಲಿಂಗ್ ಮನೆಯದ್ದೂ ಅದೇ ಕಥೆ, ದಿಕ್ಕು ಮಾತ್ರ ಬೇರೆ.

ಅರ್ನೆಸ್ಟ್ 1882ರಲ್ಲಿ, 16ನೇ ವಯಸ್ಸಿಗೇ ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿದರು. ವೈದ್ಯರಾದರೂ ಅವರನ್ನು ಸೆಳೆದಿದ್ದು ರೋಗಿಗಳ ವಾರ್ಡಿಗಿಂತ ಪ್ರಯೋಗಾಲಯ. ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಅವರ ಜೀವನದ ಪ್ರಶ್ನೆಯಾಯಿತು. 1899ರಲ್ಲಿ ಯೂನಿವರ್ಸಿಟಿ ಕಾಲೇಜಿನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು.

ಭಾವ-ಮೈದುನರ ಜೋಡಿ

ಅಲ್ಲಿ ಜೊತೆಯಾದವರು ವಿಲಿಯಂ ಬೇಲಿಸ್. ಸ್ಟಾರ್ಲಿಂಗ್ ಅವರದ್ದು ಅವಸರದ, ನೇರ ಮಾತಿನ ಸ್ವಭಾವ. ಬೇಲಿಸ್ ಶಾಂತ, ನಿಧಾನಿ. 1893ರಲ್ಲಿ ಸ್ಟಾರ್ಲಿಂಗ್ ತಂಗಿ ಗರ್ಟ್ರೂಡ್ ಅವರನ್ನು ಬೇಲಿಸ್ ಮದುವೆಯಾದರು. ಪ್ರಯೋಗಾಲಯದ ಗೆಳೆತನ ಮನೆಯ ಸಂಬಂಧವಾಯಿತು.

ಕರುಳು ಆಹಾರವನ್ನು ಮುಂದಕ್ಕೆ ತಳ್ಳುವುದು ಹೇಗೆ ಎಂಬುದನ್ನು ಇಬ್ಬರೂ ಮೊದಲು ವಿವರಿಸಿದರು. ನಂತರ ಕೈಹಾಕಿದ್ದು ಇನ್ನೂ ದೊಡ್ಡ ಪ್ರಶ್ನೆಗೆ. ಊಟ ಸಣ್ಣ ಕರುಳಿಗೆ ಇಳಿದ ಕೂಡಲೇ ಮೇದೋಜ್ಜೀರಕ ಗ್ರಂಥಿ ರಸ ಸುರಿಸುತ್ತದೆ. ಆಹಾರ ಬಂತೆಂದು ಅದಕ್ಕೆ ಹೇಳುವವರು ಯಾರು? ನರಗಳು ಎಂಬುದು ರಷ್ಯಾದ ಇವಾನ್ ಪಾವ್ಲೋವ್ ಅವರ ವಾದ. ಆಗ ಅದನ್ನು ಪ್ರಶ್ನಿಸುವವರು ಕಡಿಮೆ.

1902ರ ಜನವರಿ 16ರಂದು ಅರಿವಳಿಕೆ ಕೊಟ್ಟ ನಾಯಿಯೊಂದರ ಮೇಲೆ ಪ್ರಯೋಗ ನಡೆಯಿತು. ಕರುಳಿನ ಒಂದು ಭಾಗದ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿದರು. ಅಲ್ಲಿಗೆ ಆಮ್ಲ ಹಾಕಿದಾಗಲೂ ಗ್ರಂಥಿ ರಸ ಸುರಿಸಿತು. ಹಾಗಿದ್ದರೆ ಸಂದೇಶ ಹೋಗಿದ್ದು ರಕ್ತದಲ್ಲೇ ಎಂದು ಸ್ಟಾರ್ಲಿಂಗ್ ಊಹಿಸಿದರು. ಕೂಡಲೇ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲದೊಂದಿಗೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಗ್ರಂಥಿ ಮತ್ತೆ ರಸ ಸುರಿಸಿತು. ಆ ವಸ್ತುವಿಗೆ ಇಟ್ಟ ಹೆಸರು ಸೀಕ್ರೆಟಿನ್. ಪಾವ್ಲೋವ್ ಅವರ ಪ್ರಯೋಗಾಲಯದಲ್ಲೂ ಇದೇ ಫಲಿತಾಂಶ ಬಂದಾಗ ಅವರು ಒಪ್ಪಿಕೊಂಡರು.

ಇಂಥ ರಾಸಾಯನಿಕ ದೂತರಿಗೆಲ್ಲ ಒಂದು ಹೆಸರು ಬೇಕಿತ್ತು. 1905ರ ಉಪನ್ಯಾಸವೊಂದರಲ್ಲಿ ಸ್ಟಾರ್ಲಿಂಗ್ 'ಹಾರ್ಮೋನ್' ಎಂಬ ಪದ ಬಳಸಿದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಪದ ಅದು.

ಕೋರ್ಟ್ ಮೆಟ್ಟಿಲೇರಿದ ಪ್ರಯೋಗ

ಹೆಸರಿನ ಜೊತೆ ವಿವಾದವೂ ಬಂತು. 1903ರಲ್ಲಿ ವಿದ್ಯಾರ್ಥಿಗಳ ಮುಂದೆ ಕಂದು ನಾಯಿಯೊಂದರ ಮೇಲೆ ಬೇಲಿಸ್ ನಡೆಸಿದ ಪ್ರಯೋಗದ ಬಗ್ಗೆ ಪ್ರಾಣಿಹಿಂಸೆಯ ಆರೋಪ ಎದ್ದಿತು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು, 2,000 ಪೌಂಡ್ ಪರಿಹಾರ ಸಿಕ್ಕಿತು. ಆದರೆ ಅದೇ ನಾಯಿಯ ಮೇಲೆ ಮೊದಲೊಂದು ಶಸ್ತ್ರಚಿಕಿತ್ಸೆ ಮಾಡಿದ್ದವರು ಸ್ಟಾರ್ಲಿಂಗ್. ಒಂದೇ ಪ್ರಾಣಿಯನ್ನು ಎರಡು ಸಲ ಬಳಸಿ ಕಾನೂನು ಮೀರಿದ್ದನ್ನು ಅವರು ಕೋರ್ಟಿನಲ್ಲೇ ಒಪ್ಪಿಕೊಂಡರು. ಆ ನಾಯಿಯ ನೆನಪಿಗೆ 1906ರಲ್ಲಿ ಲಂಡನ್‌ನ ಬ್ಯಾಟರ್‌ಸೀಯಲ್ಲಿ ಪ್ರತಿಮೆ ನಿಂತಿತು. ಮರುವರ್ಷ ವೈದ್ಯ ವಿದ್ಯಾರ್ಥಿಗಳು ಅದರ ವಿರುದ್ಧ ಬೀದಿಗಿಳಿದು ಗಲಭೆಯೇ ಆಯಿತು. 1910ರಲ್ಲಿ ಪ್ರತಿಮೆ ತೆಗೆಸಲಾಯಿತು.

ಕರುಳಿನಿಂದ ಶುಗರ್‌ಗೆ ಮದ್ದು ಸಿಗಬಹುದೇ ಎಂಬ ಹುಡುಕಾಟವೂ ಆಗಲೇ ಶುರುವಾಗಿತ್ತು. ಇನ್ಸುಲಿನ್ ಬರುವುದಕ್ಕೆ 15 ವರ್ಷ ಮೊದಲೇ, 1906ರಲ್ಲಿ, ಲಿವರ್‌ಪೂಲ್‌ನ ವೈದ್ಯರು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಂನ ಒಳಪದರದ ಸಾರವನ್ನು ಮಧುಮೇಹಿಗಳಿಗೆ ಕುಡಿಸಿ ನೋಡಿದ್ದರು. ಕೆಲವರಲ್ಲಿ ಫಲ ಕಂಡಿತಾದರೂ ಅದು ಖಚಿತ ಚಿಕಿತ್ಸೆಯಾಗಿ ನಿಲ್ಲಲಿಲ್ಲ.

ನೊಬೆಲ್ ಇಲ್ಲ, ಕೊನೆಯುಸಿರು ಹಡಗಿನಲ್ಲಿ

ಸ್ಟಾರ್ಲಿಂಗ್ ನಂತರ ಹೃದಯದತ್ತ ತಿರುಗಿದರು. ರಕ್ತ ಹೆಚ್ಚು ತುಂಬಿದಷ್ಟೂ ಹೃದಯ ಹೆಚ್ಚು ಬಲವಾಗಿ ಮಿಡಿಯುತ್ತದೆ ಎಂಬ ಅವರ ನಿಯಮವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುತ್ತಾರೆ. ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಸೈನಿಕರನ್ನು ಕಾಪಾಡುವ ಕೆಲಸ, ಆಮೇಲೆ ದೇಶದ ಆಹಾರ ಹಂಚಿಕೆಗೆ ವೈಜ್ಞಾನಿಕ ಸಲಹೆ ಅವರ ಪಾಲಿಗೆ ಬಂತು.

1920ರಲ್ಲಿ ಕರುಳಿನ ಕ್ಯಾನ್ಸರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಕರುಳಿನ ಗುಟ್ಟು ಬಿಡಿಸಿದವರನ್ನು ಕರುಳೇ ಕಾಡಿತು. ಆದರೂ ಕೆಲಸ ಬಿಡಲಿಲ್ಲ. 1924ರಲ್ಲಿ ಬೇಲಿಸ್ ತೀರಿಕೊಂಡರು. 1927ರ ಮೇ 2ರಂದು ಆರೋಗ್ಯ ಸುಧಾರಣೆಗೆಂದು ಹೊರಟಿದ್ದ ಹಡಗಿನಲ್ಲಿ, ಜಮೈಕಾದ ಕಿಂಗ್‌ಸ್ಟನ್ ಬಂದರು ಹತ್ತಿರವಿರುವಾಗ, ಸ್ಟಾರ್ಲಿಂಗ್ ಕೊನೆಯುಸಿರೆಳೆದರು. 61 ವರ್ಷ. ಜೊತೆಯಲ್ಲಿ ಮನೆಯವರು ಯಾರೂ ಇರಲಿಲ್ಲ. ಅಲ್ಲೇ ಮಣ್ಣು ಮಾಡಲಾಯಿತು. ನೊಬೆಲ್ ಪ್ರಶಸ್ತಿ ಅವರಿಗೆ ಕೊನೆಗೂ ಸಿಗಲಿಲ್ಲ.

ಇಂದಿನ ಚಿಕಿತ್ಸೆಗೂ ಅಲ್ಲೇ ಬೇರು

ಬೊಜ್ಜಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಅನೇಕರಲ್ಲಿ ತೂಕ ಇಳಿಯುವ ಮೊದಲೇ ಶುಗರ್ ಇಳಿಯುವುದನ್ನು ವೈದ್ಯರು ಗಮನಿಸಿದ್ದಾರೆ. ಊಟ ಡ್ಯುವೋಡಿನಂ ತಪ್ಪಿಸಿ ಕೆಳಗಿನ ಕರುಳಿಗೆ ಬೇಗ ತಲುಪಿದಾಗ ಜಿಎಲ್‌ಪಿ-1ನಂಥ ಹಾರ್ಮೋನ್‌ಗಳು ಹೆಚ್ಚುವುದು ಇದಕ್ಕೆ ಒಂದು ಕಾರಣ. ತೂಕ ಇಳಿಸಲು ಈಗ ಹೆಸರು ಮಾಡಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಕೂಡ ಇದೇ ಕರುಳಿನ ಹಾರ್ಮೋನಿನಂತೆ ಕೆಲಸ ಮಾಡುತ್ತದೆ.

ಹೊಟ್ಟೆ ಕೊಯ್ಯದ ವಿಧಾನಗಳೂ ಬಂದಿವೆ. ಒಂದರಲ್ಲಿ ಡ್ಯುವೋಡಿನಂನ ಒಳಪದರಕ್ಕೆ ಬಿಸಿ ಮುಟ್ಟಿಸಿ ಹೊಸ ಪದರ ಬೆಳೆಯಲು ಬಿಡುತ್ತಾರೆ. ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಇನ್ನೊಂದರಲ್ಲಿ ಸುಮಾರು 60 ಸೆಂಟಿಮೀಟರ್ ಉದ್ದದ ಪ್ಲಾಸ್ಟಿಕ್ ತೋಳನ್ನು ಕರುಳಿನೊಳಗೆ ಕೂರಿಸುತ್ತಾರೆ. ಇದರ ಅಮೆರಿಕದ ಪರೀಕ್ಷೆ ಕೆಲ ರೋಗಿಗಳ ಯಕೃತ್ತಿನಲ್ಲಿ ಕೀವು ಕಟ್ಟಿದ್ದರಿಂದ 2015ರಲ್ಲಿ ನಿಂತುಹೋಯಿತು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಹೀಗಾಗಿ ಸುಲಭದ ಚಿಕಿತ್ಸೆ ಎಂದ ಕೂಡಲೇ ಆಸೆ ಹುಟ್ಟುವುದು ಸಹಜ. ಆದರೆ ಜಾಹೀರಾತು ನೋಡಿ ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಎರಡು ಪ್ರಶ್ನೆ ಕೇಳಿ: ಇದು ಎಷ್ಟು ರೋಗಿಗಳ ಮೇಲೆ, ಎಷ್ಟು ವರ್ಷ ಪರೀಕ್ಷೆಯಾಗಿದೆ? ನನಗೆ ಇದು ಹೊಂದುತ್ತದೆಯೇ? ನಡೆಯುತ್ತಿರುವ ಮಾತ್ರೆ, ಇನ್ಸುಲಿನ್ ಅನ್ನು ಅವರು ಹೇಳದೆ ನಿಲ್ಲಿಸಬೇಡಿ.