ಸುಬ್ಬರಾವ್ ಎಡವಿದ್ದೆಲ್ಲಿ, ಎಡವಿಸಿದ್ದು ಯಾರು?

ರಕ್ತದ ಕಾಯಿಲೆಗಳ ಮೇಲೆ ಪಿಎಚ್‌ಡಿ ಮಾಡ್ತಿರೋ ಗೆಳತಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ಯುವ ಸಂಶೋಧಕರ ಎರಡು ದಿನದ ಕರಿಯರ್ ಕಾರ್ಯಾಗಾರಕ್ಕೆ ಹೋಗ್ತಿದ್ದೀನಿ ಅಂದಳು. ಅನುದಾನಕ್ಕೆ ಅರ್ಜಿ ಬರೆಯೋದು ಹೇಗೆ, ಪ್ರಬಂಧದಲ್ಲಿ ಯಾರ ಹೆಸರು ಎಲ್ಲಿ ಬರಬೇಕು, ಗೈಡ್ ಜೊತೆ ತಕರಾರು ಬಂದರೆ ಏನು ಮಾಡಬೇಕು, ಇಂಥವನ್ನೆಲ್ಲ ಹೇಳಿಕೊಡ್ತಾರಂತೆ. ನಾನು ನಕ್ಕುಬಿಟ್ಟೆ. ಎಂಜಿನಿಯರಿಂಗ್ ಕಾಲೇಜಲ್ಲಿ ಇಂಥವು ಎಷ್ಟು ನೋಡಿಲ್ಲ! ಪಿಪಿಟಿ, ಸಮೋಸ, ಸರ್ಟಿಫಿಕೇಟ್, ಗ್ರೂಪ್ ಫೋಟೋ. ಪ್ರತಿಭೆ ಇದ್ದೋರಿಗೆ ಇದೆಲ್ಲ ಯಾಕೆ ಅಂದೆ. ಯಲ್ಲಾಪ್ರಗಡ ಸುಬ್ಬರಾವ್ ಬಗ್ಗೆ ಓದು ಅಂತ ಹೇಳಿ ಫೋನ್ ಇಟ್ಟಳು.

ಓದಿದೆ. ನಗು ನಿಂತಿತು.

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಇಂದಿನ ಆಂಧ್ರದ ಭೀಮಾವರಂನಲ್ಲಿ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡರು. ಕರುಳು ಆಹಾರದ ಸತ್ವ ಹೀರಿಕೊಳ್ಳಲಾರದೆ ಮನುಷ್ಯ ಸೊರಗಿ, ರಕ್ತಹೀನನಾಗಿ ಸಾಯುವ ಕಾಯಿಲೆ ಅದು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದ ಹುಡುಗ ಗಾಂಧೀಜಿ ಕರೆಗೆ ಓಗೊಟ್ಟು ಖಾದಿ ತೊಟ್ಟ. ಬ್ರಿಟಿಷ್ ಸರ್ಜರಿ ಪ್ರೊಫೆಸರ್‌ಗೆ ಇದು ಸಹಿಸಲಿಲ್ಲ. ಓದಿನಲ್ಲಿ ಚುರುಕಾಗಿದ್ದರೂ ಕೈಗೆ ಸಿಕ್ಕಿದ್ದು ಪೂರ್ತಿ ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ತೊಟ್ಟ ಬಟ್ಟೆಗೆ ತೆತ್ತ ಬೆಲೆ ಇದು.

ಮದ್ರಾಸಿನ ಆಯುರ್ವೇದ ಕಾಲೇಜೊಂದರಲ್ಲಿ ಕೆಲಕಾಲ ಪಾಠ ಮಾಡಿ, ಮಾವ ಮತ್ತು ದಾನಿಗಳು ಕೊಟ್ಟ ಹಣದಲ್ಲಿ ಬಾಸ್ಟನ್‌ಗೆ ಹೋದರು. ಹೆಂಡತಿ ಶೇಷಗಿರಿಯನ್ನು ಬಿಟ್ಟು ಹೊರಟವರು ಮತ್ತೆ ಊರು ಕಾಣಲೇ ಇಲ್ಲ. ಹಗಲು ಹಾರ್ವರ್ಡ್‌ನಲ್ಲಿ ಓದು, ರಾತ್ರಿ ಆಸ್ಪತ್ರೆಯಲ್ಲಿ ಪೋರ್ಟರ್ ಕೆಲಸ. ಆಮೇಲೆ ಸೈರಸ್ ಫಿಸ್ಕೆ ಅವರ ಲ್ಯಾಬ್ ಸೇರಿದರು. ರಕ್ತ, ಮೂತ್ರದಲ್ಲಿ ರಂಜಕ ಎಷ್ಟಿದೆ ಅಂತ ಅಳೆಯುವ, ಇಬ್ಬರ ಹೆಸರೂ ಇರುವ ಫಿಸ್ಕೆ-ಸುಬ್ಬರಾವ್ ವಿಧಾನ ಪ್ರಕಟವಾಗಿದ್ದು 1925ರಲ್ಲಿ. 1927ರಲ್ಲಿ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ. ಪಿಯುಸಿ ಬಯಾಲಜಿಯಲ್ಲಿ ಜೀವಕೋಶದ ಶಕ್ತಿಯ ನಾಣ್ಯ ಅಂತ ಉರು ಹೊಡೆದೆವಲ್ಲ, ಅದೇ ಎಟಿಪಿ.

ಇಷ್ಟೆಲ್ಲ ಮಾಡಿದವರಿಗೆ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. ಅದೇ ಲ್ಯಾಬಲ್ಲಿ ಕೆಲಸ ಮಾಡಿ, ಮುಂದೆ 1988ರಲ್ಲಿ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಒಂದು ಕಹಿ ಸಂಗತಿ ನೆನಪಿಸಿಕೊಂಡಿದ್ದಾರೆ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ವಸ್ತುಗಳನ್ನು ಫಿಸ್ಕೆ ಬೆಳಕಿಗೆ ಬರಗೊಡಲಿಲ್ಲ, ಬಹುಶಃ ಹೊಟ್ಟೆಕಿಚ್ಚಿಗೆ. ವರ್ಷಗಳ ನಂತರ ಬೇರೆಯವರು ಅವನ್ನು ಹೊಸದಾಗಿ ಕಂಡುಹಿಡಿಯಬೇಕಾಯ್ತು.

1940ರಲ್ಲಿ ಸುಬ್ಬರಾವ್ ಲೆಡರ್ಲೆ ಎಂಬ ಔಷಧ ಕಂಪನಿ ಸೇರಿದರು. ಅಲ್ಲಿ ತಂಡ ಸಿಕ್ತು, ಹಣ ಸಿಕ್ತು, ಸಂಶೋಧನೆಯ ಚುಕ್ಕಾಣಿಯೂ ಸಿಕ್ತು. ಲೂಸಿ ವಿಲ್ಸ್ ಎಂಬ ವೈದ್ಯೆ ಬಾಂಬೆಯ ಗರ್ಭಿಣಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ವಾಸಿಯಾಗುತ್ತೆ ಅಂತ 1931ರಲ್ಲೇ ತೋರಿಸಿದ್ದರು. ಆ ಸಾರದಲ್ಲಿದ್ದ ಫೋಲಿಕ್ ಆಮ್ಲವನ್ನು 1945ರಲ್ಲಿ ತಯಾರಿಸಿ ತೋರಿಸಿದ್ದು ಲೆಡರ್ಲೆ ತಂಡ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹಂಚುವ ಕಬ್ಬಿಣಾಂಶದ ಮಾತ್ರೆಯಲ್ಲಿ ಇವತ್ತಿಗೂ ಇರೋದು ಅದೇ. ಸಹೋದರರನ್ನು ಕೊಂದ ಸ್ಪ್ರೂಗೂ ಅದೇ ಮದ್ದಾಯ್ತು.

ರಕ್ತದ ಕ್ಯಾನ್ಸರ್‌ನಲ್ಲಿ ಇದು ಉಲ್ಟಾ ಅನ್ನೋದು ಬಾಸ್ಟನ್ನಿನ ಸಿಡ್ನಿ ಫಾರ್ಬರ್‌ಗೆ ಹೊಳೆಯಿತು. ಫೋಲಿಕ್ ಆಮ್ಲ ಕೊಟ್ಟರೆ ರೋಗ ಜೋರಾಗುವಂತಿತ್ತು. ಹಾಗಾದರೆ ಅದಕ್ಕೆ ಅಡ್ಡಗಾಲು ಹಾಕುವ ರಾಸಾಯನಿಕ ಬೇಕು. ಲೆಡರ್ಲೆ ತಂಡ ಮಾಡಿಕೊಟ್ಟಿದ್ದು ಅಮಿನೋಪ್ಟೆರಿನ್. 1948ರಲ್ಲಿ ಫಾರ್ಬರ್ ವರದಿ ಬಂತು: 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು. ಚೇತರಿಕೆ ತಾತ್ಕಾಲಿಕವೇ. ಆದರೂ ಅಲ್ಲಿಯವರೆಗೆ ಬರೀ ಸಾವೇ ಇದ್ದ ಕಡೆ ಅದೊಂದು ಕಿಟಕಿ ತೆರೆದಂತಾಯ್ತು. ಅದರ ಒಡಹುಟ್ಟು ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಅದೇ ವರ್ಷ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೋಗಿಬಿಟ್ಟರು. 53 ವರ್ಷ. 1946ರವರೆಗೆ ಭಾರತೀಯರಿಗೆ ಅಮೆರಿಕದ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. ಅವರು ತೀರಿಕೊಂಡಿದ್ದೂ ಪರದೇಶಿಯಾಗಿಯೇ.

ಈಗ ಗೆಳತಿಯ ಕಾರ್ಯಾಗಾರಕ್ಕೆ ಬರೋಣ. ಸುಬ್ಬರಾವ್ ಸತ್ತು ಹತ್ತು ವರ್ಷಕ್ಕೆ, 1958ರಲ್ಲಿ, ಅಮೆರಿಕನ್ ಸೊಸೈಟಿ ಆಫ್ ಹೆಮಟಾಲಜಿಯ ಮೊದಲ ಸಭೆ ನಡೆಯಿತು. ಇಂದು ಆ ಸಂಸ್ಥೆ ಯುವ ಸಂಶೋಧಕರನ್ನು ಹಿರಿಯರ ಜೊತೆ ಕೂರಿಸಿ, ಅಧ್ಯಯನ ರೂಪಿಸೋದು, ಅನುದಾನ ಕೇಳೋದು ಎಲ್ಲವನ್ನೂ ಕಲಿಸುತ್ತೆ. ಫಿಸ್ಕೆ ಲ್ಯಾಬಲ್ಲಿದ್ದ ಸುಬ್ಬರಾವ್‌ಗೆ ಇಂಥದ್ದೊಂದು ಜಾಗ ಇದ್ದಿದ್ದರೆ? ಲ್ಯಾಬಿನ ಆಚೆಗೂ ಒಬ್ಬ ಹಿರಿಯರು ಸಿಗ್ತಿದ್ದರು. ಹುದ್ದೆಯ ಮಾತು ಎತ್ತೋದು ಹೇಗೆ, ಹೊರಡೋದು ಯಾವಾಗ ಅಂತ ಹೇಳೋರು ಇರ್ತಿದ್ದರು. ನಾನು ಗೇಲಿ ಮಾಡಿದ್ದು ತಪ್ಪು. ಅಪ್ಪ, ಚಿಕ್ಕಪ್ಪ ಪ್ರೊಫೆಸರ್ ಆಗಿರೋ ಮನೆಗಳಲ್ಲಿ ಊಟದ ಹೊತ್ತಿಗೇ ಸಿಗುವ ಪಾಠ ಇದು. ಮನೆಯಲ್ಲಿ ಮೊದಲ ಸಲ ಪಿಎಚ್‌ಡಿ ಮೆಟ್ಟಿಲು ಹತ್ತಿದವಳಿಗೆ ಎಲ್ಲಿ ಸಿಗಬೇಕು?

ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಸತ್ಯ. ಖಾದಿ ಕಂಡು ಉರಿದುಕೊಂಡ ಪ್ರೊಫೆಸರ್ ಇದ್ದಾಗ, ಪೌರತ್ವ ಕೊಡದ ಕಾನೂನು ಇದ್ದಾಗ, ಕಿರಿಯನ ಕೆಲಸವನ್ನು ಮುಚ್ಚಿಡಬಲ್ಲ ಹಿರಿಯ ಇದ್ದಾಗ, ಸುಬ್ಬರಾವ್ ಇನ್ಯಾವ ಕೌಶಲ ಕಲಿಯಬೇಕಿತ್ತು? ಕೊರತೆ ಅವರಲ್ಲಿ ಇರಲಿಲ್ಲ. ಕಾರ್ಯಾಗಾರ ಹಕ್ಕು ಏನು ಅಂತ ಹೇಳಬಹುದು, ಅದನ್ನು ಕೊಡಿಸಲಾರದು. ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ ಸಾಲ ಮಾಡಿ ಲ್ಯಾಬಿಗೆ ಬರೋ ಹುಡುಗಿಗೆ ಸಮಯ ನಿರ್ವಹಣೆಯ ಪಾಠ ಮಾಡಿದರೆ ಅದು ಅವಮಾನ.

ಕಾರ್ಯಾಗಾರ ಇರಲಿ, ಹೆಚ್ಚಲಿ. ಆದರೆ ಒಂದು ದಿನ ಗೈಡ್‌ಗಳನ್ನೂ ಅದೇ ಬೆಂಚಿನಲ್ಲಿ ಕೂರಿಸಿ. ಯಾರ ಕೆಲಸಕ್ಕೆ ಯಾರ ಹೆಸರು ಅನ್ನೋದನ್ನು ಬರೆದಿಡುವ ನಿಯಮ ತನ್ನಿ, ದೂರು ಕೊಟ್ಟವರ ಪಿಎಚ್‌ಡಿ ನಿಲ್ಲದ ಹಾಗೆ ನೋಡಿಕೊಳ್ಳಿ. ನಡೆಯೋದು ಹೇಗೆ ಅಂತ ಕಿರಿಯರಿಗೆ ಕಲಿಸಿದ್ದು ಸಾಕು, ದಾರಿ ಬಿಡೋದನ್ನು ಹಿರಿಯರೂ ಕಲಿಯಲಿ.

ಗೆಳತಿಗೆ ಕ್ಷಮೆ ಕೇಳಿದ್ದೇನೆ. ಹೋಗಿ ಬಂದ ಮೇಲೆ ಕರೀತೀನಿ ಅಂದಿದ್ದಾಳೆ. ಅವಳ ಗೈಡ್ ಏನಂತಾರೋ, ಕಾಯ್ತಿದ್ದೀನಿ.