ಎಂಜಿನ್ ಇಲ್ಲದ ವಿಮಾನ ಇಳಿಸಿದ ಸುರಂಜನ್ ದಾಸ್

ಬೆಂಗಳೂರಿನ ಎಚ್‌ಎಎಲ್ ಹತ್ತಿರ ಸುರಂಜನ್ ದಾಸ್ ರಸ್ತೆ ಇದೆ. ಹೆಸರು ಕೇಳಿದವರು ಬಹಳ, ಆ ಮನುಷ್ಯ ಯಾರೆಂದು ಬಲ್ಲವರು ಕಡಿಮೆ. ಪೈಲಟ್ ಆಗಬೇಕು, ಆದರೆ ಭೌತಶಾಸ್ತ್ರ ತಲೆಗೆ ಹತ್ತುವುದಿಲ್ಲ ಎನ್ನುವ ವಿದ್ಯಾರ್ಥಿಗಳು ಪ್ರತಿವರ್ಷ ನನ್ನ ಬಳಿ ಬರುತ್ತಾರೆ. ಅವರು ಇವರ ಬಗ್ಗೆ ತಿಳಿಯಬೇಕು.

ದಾಸ್ ಹುಟ್ಟಿದ್ದು 1920ರಲ್ಲಿ. ತಂದೆ ಸುಧಿರಂಜನ್ ದಾಸ್ ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಮಗ ವಾಯುಪಡೆ ಸೇರಿ, ಇಂಗ್ಲೆಂಡಿನ ಪರೀಕ್ಷಾ ಪೈಲಟ್‌ಗಳ ಶಾಲೆಯಲ್ಲಿ ಕಲಿತರು. ಪರೀಕ್ಷಾ ಪೈಲಟ್ ಹೊಸ ವಿಮಾನವನ್ನು ಹಾರಿಸಿ ಇಳಿಸಿದರೆ ಸಾಲದು. ಯಾವ ವೇಗದಲ್ಲಿ ನಡುಗಿತು, ಏಕೆ ವಾಲಿತು ಎಂದು ಎಂಜಿನಿಯರರಿಗೆ ಅವರ ಲೆಕ್ಕದ ಭಾಷೆಯಲ್ಲೇ ಹೇಳಬೇಕು.

ಎಚ್‌ಎಎಲ್‌ನಲ್ಲಿ ಆಗ ಜರ್ಮನ್ ಎಂಜಿನಿಯರ್ ಕರ್ಟ್ ಟ್ಯಾಂಕ್ ಅವರ ತಂಡ ಎಚ್‌ಎಫ್-24 ಮಾರುತ್ ಯುದ್ಧವಿಮಾನ ರೂಪಿಸುತ್ತಿತ್ತು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಎಳೆದು ಮೇಲೊಯ್ದು ಬಿಟ್ಟಿತು. ಕೆಳಗಿಳಿಸುವುದು ದಾಸ್ ಪಾಲಿನ ಕೆಲಸ. ಎಂಜಿನ್ ಇಲ್ಲದವನಿಗೆ ಎತ್ತರವೇ ಬಂಡವಾಳ. ಅದನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡಿ ವೇಗ ಕೊಳ್ಳಬೇಕು. ಗಾಬರಿಯಲ್ಲಿ ಮೂತಿ ಮೇಲೆತ್ತಿದರೆ ವೇಗ ಕುಸಿದು ರೆಕ್ಕೆಗೆ ಗಾಳಿಯ ಆಧಾರ ತಪ್ಪುತ್ತದೆ. ನೀವು ಪ್ರಥಮ ಪಿಯುಸಿಯಲ್ಲಿ ಓದುವ ಪ್ರಚ್ಛನ್ನ ಶಕ್ತಿ, ಚಲನ ಶಕ್ತಿಗಳ ಪಾಠ ಇದೇ.

ನಮ್ಮ ಮುತ್ತತ್ತಿಯಲ್ಲಿ ತೆಪ್ಪಕ್ಕೆ ಹುಟ್ಟು ಹಾಕುವುದನ್ನು ಗಟ್ಟಿ ತೋಳಿನವರು ಬೇಗ ಕಲಿತಾರು. ಕಾವೇರಿಯ ಯಾವ ಬಂಡೆಯ ಹಿಂದೆ ಸುಳಿ ಇದೆ ಎಂದು ಬಲ್ಲವರ ತೆಪ್ಪವನ್ನೇ ನಾನು ಹತ್ತುವುದು.

ಪ್ರಯಾಣಿಕರ ವಿಮಾನಕ್ಕೂ ಇದೇ ಮಾತು. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿಗಳ ಹಿಂಡು ಬಡಿದು ಏರ್‌ಬಸ್ ಒಂದರ ಎರಡೂ ಎಂಜಿನ್‌ಗಳು ಶಕ್ತಿ ಕಳೆದುಕೊಂಡವು. ತುರ್ತು ಸೂಚನೆಗಳ ಪಟ್ಟಿಯಲ್ಲಿ ಆ ಸಾಲು ಬರುವವರೆಗೆ ಕಾಯದೆ ಕ್ಯಾಪ್ಟನ್ ಸಲೆನ್‌ಬರ್ಗರ್ ಬಾಲದಲ್ಲಿರುವ ಸಣ್ಣ ಸಹಾಯಕ ಎಂಜಿನ್ ಚಾಲೂ ಮಾಡಿದರು. ವಿದ್ಯುತ್ ಕೈಕೊಡಲಿಲ್ಲ. ಹಡ್ಸನ್ ನದಿಯ ಮೇಲೆ ಇಳಿದ ಆ ವಿಮಾನದಿಂದ 155 ಮಂದಿಯೂ ಜೀವಂತ ಹೊರಬಂದರು. ಯಾವ ಯಂತ್ರ ಯಾವುದಕ್ಕೆ ಆಧಾರ ಎಂದು ಮೊದಲೇ ತಿಳಿದಿರದಿದ್ದರೆ ಆ ಕೆಲವು ಸೆಕೆಂಡುಗಳಲ್ಲಿ ಕೈ ಆ ಗುಂಡಿಗೆ ಹೋಗುತ್ತಿರಲಿಲ್ಲ.

ದಾಸ್ ಕಥೆಗೆ ಬರೋಣ. 1961ರ ಜೂನ್ 17ರಂದು ಅವರು ನಿಜವಾದ ಮಾರುತ್ ಹಾರಿಸಿದರು. ಎಂಜಿನ್ನಿನ ಬಲ ಸಾಲದು ಎಂಬ ಕೊರತೆ ಮಾತ್ರ ಉಳಿಯಿತು. ಎಂಜಿನ್ನಿನ ಹಿಂಭಾಗದಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಮಾದರಿಯೊಂದನ್ನು ಪರೀಕ್ಷೆಗೆ ತಂದರು. 1970ರ ಜನವರಿ 10ರಂದು ಅದನ್ನು ಬೆಂಗಳೂರಿನಲ್ಲಿ ಮೇಲೇರಿಸಿದ ಸ್ವಲ್ಪ ಹೊತ್ತಿಗೇ ವಿಮಾನ ನೆಲಕ್ಕಪ್ಪಳಿಸಿ ದಾಸ್ ತೀರಿಕೊಂಡರು.