ಹೈದರಾಲಿಯ ಲಾಂಛನ

ಹೊನ್ನಾವರದಿಂದ ಕುಮಟೆಗೆ ಹೋಗುವ ದಾರಿಯಲ್ಲಿರುವ ಹಳದೀಪುರಕ್ಕೆ ಹಿಂದೆ ಹಂದಿಪುರವೆಂಬ ಹೆಸರಿದ್ದಿತೆಂದೂ, ಅದು ರುಚಿಸದೆ ಹೈದರಾಲಿಯು ಈಗಿನ ಹೆಸರನ್ನಿಟ್ಟನೆಂದೂ ಪ್ರತೀತಿ. ಊರಿನ ಹೆಸರೊಂದನ್ನು ಸಹಿಸದವನು, ಆ ಸೀಮೆಯವರ ಕೈಯಲ್ಲಿ ಓಡಾಡುತ್ತಿದ್ದ ವರಹದ ಮೇಲಿನ ಶಿವಪಾರ್ವತಿಯರನ್ನು ಮಾತ್ರ ಮುಟ್ಟಲಿಲ್ಲ. ಆತನ ಬಾಳನ್ನರಿಯಲು ಈ ಸಣ್ಣ ಸಂಗತಿ ಯುದ್ಧಗಳ ಪಟ್ಟಿಗಿಂತ ಹೆಚ್ಚು ನೆರವಾದೀತು.

ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಗೆ ರಾಜವಂಶದ ಬಲವಿರಲಿಲ್ಲ, ಓದುಬರಹವೂ ಇರಲಿಲ್ಲ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮೈಸೂರಿನ ಸೈನ್ಯವನ್ನು ಸೇರಿ, 1749ರ ದೇವನಹಳ್ಳಿಯ ಮುತ್ತಿಗೆಯಲ್ಲಿ ಹಿರಿಯರ ಕಣ್ಣಿಗೆ ಬಿದ್ದನು. ಮುಂದೆ ದಿಂಡಿಗಲ್ಲಿನ ಫೌಜದಾರನಾದನು. 1761ರ ಹೊತ್ತಿಗೆ ರಾಜ್ಯದ ಸೂತ್ರವೆಲ್ಲ ಆತನ ಕೈಗೆ ಬಂದಿತ್ತು. ಹೆಸರಿಗೆ ಮಾತ್ರ ಸಿಂಹಾಸನದಲ್ಲಿ ಒಡೆಯರೇ ಇದ್ದರು.

1763ರಲ್ಲಿ ಕೆಳದಿಯ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಗೆದ್ದನು. ಅದರೊಡನೆ ಹೊನ್ನಾವರ, ಭಟ್ಕಳ, ಮಂಗಳೂರುಗಳ ಕರಾವಳಿಯೂ ವಶವಾಯಿತು. ರಾಣಿಯನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. ಬಿದನೂರಿಗೆ ಹೈದರನಗರವೆಂದು ತನ್ನ ಹೆಸರನ್ನೇ ಕೊಟ್ಟನು. ಇಷ್ಟೆಲ್ಲ ಮಾಡಿದವನು ಟಂಕಸಾಲೆಯ ಅಚ್ಚನ್ನು ಪೂರ್ತಿಯಾಗಿ ಬದಲಿಸಲಿಲ್ಲ. ಇಕ್ಕೇರಿಯ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು. ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ. ಹೈದರಾಲಿಯು ದೇವರನ್ನು ಇದ್ದಂತೆಯೇ ಉಳಿಸಿ, ಹಿಂಬದಿಯ ಬರಹವನ್ನು ತೆಗೆಸಿ, ಅಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಕೂರಿಸಿದನು. ಅದಕ್ಕೆ ಬಹಾದುರಿ ವರಹವೆಂದು ಹೆಸರಾಯಿತು. ಇದನ್ನು ಔದಾರ್ಯವೆನ್ನುವವರುಂಟು. ಮೆಣಸಿನ ವ್ಯಾಪಾರಿಯು ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ಲೆಕ್ಕಾಚಾರವೇ ಹೆಚ್ಚಿದ್ದೀತೆಂದು ನನಗೆ ತೋರುತ್ತದೆ. ಗೆದ್ದವರಲ್ಲಿ ಅಷ್ಟು ಲೆಕ್ಕಾಚಾರವೂ ಅಪರೂಪವೇ.

ಅಳಿದ ರಾಜ್ಯದ ಲಾಂಛನವನ್ನು ಹೊಸಬನು ಎತ್ತಿಕೊಳ್ಳುವುದು ಲೋಕದಲ್ಲಿ ಇದೇ ಮೊದಲಲ್ಲ. ಮಾಸ್ಕೋದ ಮೂರನೆಯ ಇವಾನನು 1472ರಲ್ಲಿ ಬೈಜಾಂಟಿಯಂನ ಕೊನೆಯ ಸಾಮ್ರಾಟನ ತಮ್ಮನ ಮಗಳನ್ನು ವರಿಸಿದನು. 1497ರ ಆತನ ಮುದ್ರೆಯಲ್ಲಿ ಆ ಸಾಮ್ರಾಜ್ಯವನ್ನು ನೆನಪಿಗೆ ತರುವ ಎರಡು ತಲೆಯ ಹದ್ದು ಕಾಣಿಸುತ್ತದೆ. ರಷ್ಯದ ಲಾಂಛನದಲ್ಲಿ ಅದು ಇಂದಿಗೂ ಉಂಟು. ಕೆಳದಿಯ ರಾಮೇಶ್ವರ ದೇವಾಲಯದಲ್ಲಿ ಗಂಡಭೇರುಂಡವನ್ನು ಕಂಡವರಿಗೆ ಆ ಹಕ್ಕಿ ಅಪರಿಚಿತವೆನಿಸದು. ಇವಾನನಿಗೆ ಮದುವೆಯ ನಂಟಾದರೂ ಇದ್ದಿತು. ಹೈದರಾಲಿಗೆ ಇದ್ದುದು ಕತ್ತಿಯೊಂದೇ.

ಆಂಗ್ಲರೊಡನೆ ಎರಡನೆಯ ಯುದ್ಧ ಮುಗಿಯುವ ಮೊದಲೇ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಪಾಳೆಯದಲ್ಲಿ ಆತನು ತೀರಿಕೊಂಡನು. ಸಮಾಧಿ ಶ್ರೀರಂಗಪಟ್ಟಣದ ಗುಂಬಜಿನಲ್ಲಿದೆ. ಟಿಪ್ಪುವು ವರಹದಿಂದ ದೇವರ ರೂಪಗಳನ್ನು ತೆಗೆಸಿದನು, ತಂದೆಯ ಅಕ್ಷರವನ್ನು ಮಾತ್ರ ಉಳಿಸಿಕೊಂಡನು. 1799ರ ಅನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮರಳಿ ಬಂದರು. ಹಿಂಬದಿಯಲ್ಲಿ ಆ ಅಕ್ಷರವಿದ್ದೆಡೆ ಶ್ರೀ ಕೃಷ್ಣರಾಜ ಎಂಬ ನಾಗರಿ ಬರಹ ಮೂಡಿತು.